ಆಟೊಪೈಲಟ್ ಏನನ್ನು ಗಮನಿಸುವುದಿಲ್ಲ

ಸಣ್ಣ ವಿಮಾನಗಳ ಆಟೊಪೈಲಟ್ ಕುರಿತು ಹಾರಾಟ ಶಾಲೆಗಳಲ್ಲಿ ಎರಡು ನಂಬಿಕೆಗಳು ಜೊತೆಜೊತೆಯಾಗಿಯೇ ಬೇರೂರಿವೆ. ಕಲಿಯುವವರು ಅದನ್ನು ಮುಟ್ಟಬಾರದು, ಮುಟ್ಟಿದರೆ ಕೈಯ ಹದ ಕೆಡುತ್ತದೆ ಎಂಬುದು ಒಂದು. ಅದರಲ್ಲಿ ಕಲಿಸುವಂಥದ್ದೇನೂ ಇಲ್ಲ, ಗುಂಡಿ ಒತ್ತಿದರೆ ಆಯಿತು ಎಂಬುದು ಇನ್ನೊಂದು. ಇವೆರಡೂ ಸೇರಿ, ಹೊಸದಾಗಿ ಖಾಸಗಿ ಪೈಲಟ್ ಪರವಾನಗಿ ಪಡೆದ ಎಷ್ಟೋ ಮಂದಿ ಪಕ್ಕದಲ್ಲಿ ಶಿಕ್ಷಕರಿಲ್ಲದ ಹೊತ್ತಿನಲ್ಲಿ, ಮನೆಯವರನ್ನೋ ಗೆಳೆಯರನ್ನೋ ಕೂರಿಸಿಕೊಂಡು ಹೊರಟ ದಿನವೇ ಮೊದಲ ಬಾರಿಗೆ ಆ ಗುಂಡಿಯನ್ನು ಒತ್ತುವಂತಾಗುತ್ತದೆ. ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದ ರೀಡ್-ಹಿಲ್‌ವ್ಯೂ ನಿಲ್ದಾಣದಿಂದ ಬಾಡಿಗೆಯ ಸೆಸ್ನಾ 172 ವಿಮಾನಗಳನ್ನು ಹಾರಿಸುತ್ತೇನೆ. ಮೊದಲ ಪರವಾನಗಿಯ ತರಬೇತಿ ಮುಗಿಯುವವರೆಗೆ ನನ್ನ ಪಾಲಿಗೂ ಆಟೊಪೈಲಟ್ ಇದ್ದೂ ಇಲ್ಲದಂತಿತ್ತು. ಹೊರಗೆ ಏನೂ ಕಾಣದ ಮೋಡಗಳೊಳಗೆ ಉಪಕರಣಗಳನ್ನಷ್ಟೇ ನೋಡಿ ಹಾರಲು ಬೇಕಾಗುವ ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ ಸೇರಿದ ಮೇಲೆ, ಹಿರಿಯ ಶಿಕ್ಷಕಿಯೊಬ್ಬರು ಅದನ್ನು ಪ್ರತ್ಯೇಕ ವಿಷಯವಾಗಿ, ನೆಲದ ಮೇಲೆ ಕೈಪಿಡಿಯನ್ನು ಬಿಡಿಸಿಟ್ಟುಕೊಂಡು ಕಲಿಸಿದರು. ಅವರು ಕಲಿಸಿದ ಬಗೆ ಇನ್ನಷ್ಟು ಜನರಿಗೆ ತಲುಪಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಅವರ ಪಾಠವೆಲ್ಲ ಒಂದು ಪ್ರಶ್ನೆಯ ಸುತ್ತ ನಿಂತಿತ್ತು. ಆಟೊಪೈಲಟ್‌ನ ಯಾವುದಾದರೂ ಒಂದು ಮೋಡ್‌ನ, ಅಂದರೆ ಅದಕ್ಕೆ ವಹಿಸಬಹುದಾದ ಒಂದು ಬಗೆಯ ಕೆಲಸದ, ಹೆಸರು ಹೇಳಿ, ಅದು ಏನನ್ನು ಗಮನಿಸುವುದಿಲ್ಲ ಎಂದು ಅವರು ಕೇಳುತ್ತಿದ್ದರು. ಏನು ಮಾಡುತ್ತದೆ ಎಂಬುದು ಕೈಪಿಡಿಯ ಮೊದಲ ಸಾಲಿನಲ್ಲೇ ಇರುತ್ತದೆ, ಅದನ್ನು ಯಾರಾದರೂ ಓದಿಕೊಳ್ಳಬಹುದು. ಏನನ್ನು ಗಮನಿಸುವುದಿಲ್ಲ ಎಂಬುದನ್ನು ಮಾತ್ರ ನಾವೇ ಯೋಚಿಸಿ ಕಂಡುಕೊಳ್ಳಬೇಕು, ಮತ್ತು ಸಣ್ಣ ವಿಮಾನದಲ್ಲಿ ಆಟೊಪೈಲಟ್ ಚಾಲೂ ಇರುವಾಗ ಪೈಲಟ್ ಮಾಡಬೇಕಾದ ಕೆಲಸದ ಪಟ್ಟಿ ಆ ಉತ್ತರದಲ್ಲೇ ಸಿಗುತ್ತದೆ. ಯಂತ್ರ ಗಮನಿಸದೆ ಬಿಟ್ಟದ್ದೆಲ್ಲ ಅಲ್ಲಿ ಕೂತಿರುವ ಒಬ್ಬನೇ ಮನುಷ್ಯನ ಪಾಲಿಗೆ ಬರುತ್ತದೆ.

ಒಬ್ಬನೇ ಎಂಬ ಮಾತನ್ನು ಇಲ್ಲಿ ಬೇಕೆಂದೇ ಬಳಸಿದ್ದೇನೆ. ದೊಡ್ಡ ಪ್ರಯಾಣಿಕ ವಿಮಾನದಲ್ಲಿ ಇಬ್ಬರು ಪೈಲಟ್‌ಗಳಿರುತ್ತಾರೆ; ಒಬ್ಬರು ಹಾರಿಸುತ್ತಿದ್ದರೆ ಇನ್ನೊಬ್ಬರ ಕೆಲಸವೇ ಗಮನಿಸುವುದು. ಅಲ್ಲಿ ಇಂಜಿನ್ ಶಕ್ತಿಯನ್ನು ಹೊಂದಿಸುವ ಪ್ರತ್ಯೇಕ ಸ್ವಯಂಚಾಲಿತ ವ್ಯವಸ್ಥೆಯೂ ಇರುತ್ತದೆ. ಸೆಸ್ನಾ 172ರಲ್ಲಿ ಎರಡೂ ಇಲ್ಲ. ಇದರ ಆಟೊಪೈಲಟ್ ರೆಕ್ಕೆಗಳ ಓರೆಯನ್ನು ರೆಕ್ಕೆಯಂಚಿನ ಏಲರಾನ್ ಎಂಬ ಪಟ್ಟಿಗಳ ಮೂಲಕವೂ, ಮೂತಿಯ ಏರಿಳಿತವನ್ನು ಬಾಲದ ಎಲೆವೇಟರ್ ಪಟ್ಟಿ ಮತ್ತು ಅದರ ಮೇಲಿನ ಒತ್ತಡ ಕೈಗೆ ತಗುಲದಂತೆ ಹೊಂದಿಸುವ ಟ್ರಿಮ್ ಮೂಲಕವೂ ನಿಯಂತ್ರಿಸುತ್ತದೆ; ಇಂಜಿನ್ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಸಂಪೂರ್ಣವಾಗಿ ಪೈಲಟ್‌ನ ಕೈಯಲ್ಲೇ ಉಳಿಯುತ್ತದೆ. ಹಳೆಯ ಕೆಲವು ವಿಮಾನಗಳಲ್ಲಿ ರೆಕ್ಕೆಗಳನ್ನು ಸಮವಾಗಿಡುವ ಒಂದೇ ಒಂದು ಕೆಲಸ ಬಲ್ಲ ಸರಳ ಯಂತ್ರಗಳಿವೆ, ಅವು ಎತ್ತರದ ಗೊಡವೆಗೇ ಹೋಗುವುದಿಲ್ಲ. ಈ ತಂತ್ರಜ್ಞಾನ ಹೊಸದೇನೂ ಅಲ್ಲ. 1914ರ ಜೂನ್‌ನಲ್ಲಿ ಪ್ಯಾರಿಸ್ ಬಳಿ ಸೀನ್ ನದಿಯ ಮೇಲೆ ಲಾರೆನ್ಸ್ ಸ್ಪೆರಿ ತನ್ನ ವಿಮಾನದಲ್ಲಿ ಎರಡೂ ಕೈಗಳನ್ನು ಮೇಲೆತ್ತಿ ನಿಂತಿದ್ದಾಗ, ಅವನ ಮೆಕ್ಯಾನಿಕ್ ಎಮಿಲ್ ಕಾಶಾಂ ರೆಕ್ಕೆಯ ಮೇಲೆ ನಡೆದು ಹೋಗಿದ್ದ. ಗೈರೋಸ್ಕೋಪ್‌ಗಳು ವಿಮಾನವನ್ನು ಸಮವಾಗಿ ಹಿಡಿದಿದ್ದವು. 1933ರಲ್ಲಿ ವೈಲಿ ಪೋಸ್ಟ್ ಒಬ್ಬಂಟಿಯಾಗಿ ಎಂಟು ದಿನಕ್ಕೂ ಕಡಿಮೆ ಅವಧಿಯಲ್ಲಿ ಭೂಮಿಯನ್ನು ಸುತ್ತಿಬಂದದ್ದು ಸ್ಪೆರಿ ಕಂಪನಿಯ ಆಟೊಪೈಲಟ್ ನೆರವಿನಿಂದಲೇ.

ಈಗ ಆ ಪ್ರಶ್ನೆಗೆ ಬರೋಣ. ವರ್ಟಿಕಲ್ ಸ್ಪೀಡ್ ಮೋಡ್, ಅಂದರೆ ನಿಮಿಷಕ್ಕೆ ಇಷ್ಟು ಅಡಿ ಏರು ಅಥವಾ ಇಳಿ ಎಂದು ಹೇಳುವ ಮೋಡ್, ಏನನ್ನು ಗಮನಿಸುವುದಿಲ್ಲ? ಗಾಳಿಯಲ್ಲಿನ ವೇಗವನ್ನು. ಹಾರುವ ಯಂತ್ರಕ್ಕೆ ಜೀವಾಧಾರವಾದ ಅಳತೆಯೇ ಅದು. ಸೆಸ್ನಾ 172ರ ಹೊಸ ಮಾದರಿ ಸಮುದ್ರಮಟ್ಟದಲ್ಲಿ ನಿಮಿಷಕ್ಕೆ ಸುಮಾರು 700 ಅಡಿ ಏರಬಲ್ಲದು. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ ಇಂಜಿನ್‌ನ ಶಕ್ತಿ ಕುಗ್ಗುತ್ತದೆ, 8,000 ಅಡಿಯ ಹೊತ್ತಿಗೆ ಆ ಸಾಮರ್ಥ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ನೆಲದ ಹತ್ತಿರ ಇರುವಾಗ ನಿಮಿಷಕ್ಕೆ 600 ಅಡಿ ಎಂದು ಹೊಂದಿಸಿ ಪೈಲಟ್ ನಕ್ಷೆಯನ್ನೋ ರೇಡಿಯೋವನ್ನೋ ನೋಡುತ್ತ ಕುಳಿತರೆ, ಆಟೊಪೈಲಟ್ ತನಗೆ ಕೊಟ್ಟ 600 ಅಡಿಯನ್ನು ಉಳಿಸಿಕೊಳ್ಳಲು ಮೂತಿಯನ್ನು ಚೂರು ಚೂರೇ ಮೇಲೆತ್ತುತ್ತ ಹೋಗುತ್ತದೆ. 74 ನಾಟ್ (ಗಂಟೆಗೆ ಇಷ್ಟು ಕಡಲ ಮೈಲಿ ಎಂಬ ಅಳತೆ) ವೇಗದಲ್ಲಿ ಏರಬೇಕಾದ ವಿಮಾನ 70ಕ್ಕೆ, 65ಕ್ಕೆ, 60ಕ್ಕೆ ಇಳಿಯುತ್ತದೆ. ರೆಕ್ಕೆಯ ಹಿಂಬದಿಯ ಫ್ಲಾಪ್ ಪಟ್ಟಿಗಳನ್ನು ಇಳಿಸದೆ ಇರುವಾಗ ಈ ವಿಮಾನ 48 ನಾಟ್‌ನ ಆಸುಪಾಸಿನಲ್ಲಿ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆಗಳು ಅದನ್ನು ಎತ್ತಿ ಹಿಡಿಯಲಾರದೆ ಹೋಗುತ್ತವೆ. ಕೈಯಿಂದ ಹಾರಿಸುವಾಗ ಯೋಕ್ (ವಿಮಾನ ನಡೆಸುವ ಹಿಡಿ) ಹಗುರವಾಗುವುದು, ಗಾಳಿಯ ಸದ್ದು ಬದಲಾಗುವುದು, ಮೂತಿ ದಿಗಂತವನ್ನು ಮುಚ್ಚುವುದು ಎಲ್ಲವೂ ಅಪಾಯವನ್ನು ಮೊದಲೇ ತಿಳಿಸುತ್ತವೆ. ಆಟೊಪೈಲಟ್ ಹಾರಿಸುತ್ತಿರುವಾಗ ಆ ಬದಲಾವಣೆ ಎಷ್ಟು ನಿಧಾನವೆಂದರೆ, ಬೇರೆ ಕೆಲಸದಲ್ಲಿರುವ ದೇಹಕ್ಕೆ ಅದು ಗೊತ್ತೇ ಆಗುವುದಿಲ್ಲ.

ಇದನ್ನು ಶಿಕ್ಷಕಿ ಬಾಯಲ್ಲಿ ಹೇಳಿ ಬಿಡಲಿಲ್ಲ. ಸಾಕಷ್ಟು ಎತ್ತರದಲ್ಲಿ, ಸುತ್ತ ಬೇರೆ ವಿಮಾನಗಳಿಲ್ಲವೆಂದು ಖಚಿತಪಡಿಸಿಕೊಂಡು, ವರ್ಟಿಕಲ್ ಸ್ಪೀಡ್ ಮೋಡ್‌ನಲ್ಲಿ ಏರುತ್ತಿದ್ದಾಗ ಥ್ರಾಟಲ್ಲನ್ನು ಸ್ವಲ್ಪ ಹಿಂದಕ್ಕೆಳೆದು, ಏನನ್ನೂ ಮುಟ್ಟದೆ ನೋಡುತ್ತಿರಿ ಎಂದರು. ವೇಗ ಕುಸಿಯುತ್ತ ಹೋದಂತೆ ಆಟೊಪೈಲಟ್ ಒಂದಿಷ್ಟೂ ಹಿಂಜರಿಯದೆ ಮೂತಿಯನ್ನು ಎತ್ತುತ್ತಲೇ ಇತ್ತು. ಸ್ಟಾಲ್ ಎಚ್ಚರಿಕೆಯ ಸದ್ದಿಗೂ ಮೊದಲೇ ಅದನ್ನು ಕಳಚಿ ವಿಮಾನವನ್ನು ಕೈಗೆ ತೆಗೆದುಕೊಂಡೆವು. ಈ ಪ್ರದರ್ಶನವನ್ನು ಪ್ರತಿಯೊಬ್ಬ ವಿದ್ಯಾರ್ಥಿಗೂ ಶಿಕ್ಷಕರ ಜೊತೆಯಲ್ಲಿ ಒಮ್ಮೆಯಾದರೂ ತೋರಿಸಲೇಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ, ಏಕೆಂದರೆ ಓದಿ ತಿಳಿದ ಎಚ್ಚರಿಕೆಗೂ, ಸೂಚಿಯು ಕೆಳಗಿಳಿಯುವುದನ್ನು ಕಣ್ಣಾರೆ ಕಂಡ ಮೇಲೆ ಹುಟ್ಟುವ ಎಚ್ಚರಕ್ಕೂ ಬಹಳ ಅಂತರವಿದೆ.

ಎತ್ತರವನ್ನು ಕಾಯುವ ಆಲ್ಟಿಟ್ಯೂಡ್ ಹೋಲ್ಡ್ ಮೋಡ್‌ಗೂ ಇದೇ ಕುರುಡು ಇದೆ. ಪಶ್ಚಿಮದ ಗಾಳಿ ಜೋರಾಗಿರುವ ದಿನಗಳಲ್ಲಿ ಸಿಯೆರಾ ನೆವಾಡಾ ಪರ್ವತಸಾಲಿನ ಆಚೆಬದಿಯಲ್ಲಿ ಗಾಳಿಯು ದೊಡ್ಡ ದೊಡ್ಡ ಅಲೆಗಳಾಗಿ ಏರಿಳಿಯುತ್ತದೆ. ಇಳಿಯುವ ಗಾಳಿಗೆ ಸಿಕ್ಕ ವಿಮಾನದ ಎತ್ತರವನ್ನು ಉಳಿಸಲು ಆಟೊಪೈಲಟ್ ಮೂತಿ ಎತ್ತುತ್ತದೆ, ವೇಗ ಬೀಳುತ್ತದೆ; ಏರುವ ಗಾಳಿಗೆ ಸಿಕ್ಕಾಗ ಮೂತಿ ತಗ್ಗಿಸುತ್ತದೆ, ವೇಗ ಮಿತಿಯತ್ತ ಜಿಗಿಯುತ್ತದೆ. ಅಂಥ ಕಡೆ ಎತ್ತರದ ಹಟವನ್ನು ಬಿಟ್ಟು ವೇಗವನ್ನು ಕಾಯಬೇಕು, ನೆಲದಿಂದ ವಿಮಾನ ಸಂಚಾರವನ್ನು ನಿರ್ದೇಶಿಸುವ ಕಂಟ್ರೋಲರ್‌ಗೆ ಹೇಳಿ ಎತ್ತರದಲ್ಲಿ ಸ್ವಲ್ಪ ಸಡಿಲಿಕೆ ಕೇಳಬೇಕು. ಇದು ಪೈಲಟ್ ಮಾತ್ರ ತೆಗೆದುಕೊಳ್ಳಬಲ್ಲ ನಿರ್ಧಾರ, ಎತ್ತರವನ್ನಷ್ಟೇ ಕಾಯಲು ಹೇಳಿಸಿಕೊಂಡ ಯಂತ್ರ ಅದನ್ನು ತೆಗೆದುಕೊಳ್ಳಲಾರದು.

ರೆಕ್ಕೆಯ ಮೇಲೆ ಮಂಜುಗಡ್ಡೆ ಕಟ್ಟುವ ಸಂದರ್ಭ ಇನ್ನೂ ಕಠಿಣವಾದದ್ದು. ಸೆಸ್ನಾ 172ಕ್ಕೆ ಅಂಥ ಹವೆಯಲ್ಲಿ ಹಾರುವ ಅನುಮತಿಯೇ ಇಲ್ಲ, ಆದರೂ ಚಳಿಗಾಲದ ಮೋಡಗಳಲ್ಲಿ ಅದು ಎದುರಾಗುವುದುಂಟು. ಗಡ್ಡೆ ಕಟ್ಟುತ್ತ ಹೋದಂತೆ ವಿಮಾನದ ಹಾರುವ ಗುಣವೇ ಬದಲಾಗುತ್ತದೆ, ಯೋಕ್ ಮೇಲೆ ವಿಚಿತ್ರವಾದ ಒತ್ತಡಗಳು ಹುಟ್ಟುತ್ತವೆ. ಆಟೊಪೈಲಟ್ ಆ ಒತ್ತಡಗಳನ್ನೆಲ್ಲ ತಾನೇ ಹೊತ್ತುಕೊಂಡು, ತನ್ನ ಶಕ್ತಿ ಮೀರಿದ ಕ್ಷಣದಲ್ಲಿ ಕಳಚಿಕೊಳ್ಳುತ್ತದೆ. 1994ರ ಅಕ್ಟೋಬರ್ 31ರಂದು ಅಮೆರಿಕದ ಇಂಡಿಯಾನಾ ರಾಜ್ಯದ ರೋಸ್‌ಲಾನ್ ಬಳಿ ಎಟಿಆರ್ 72 ವಿಮಾನವೊಂದರ ಏಲರಾನ್‌ಗಳು ಮಂಜುಗಡ್ಡೆಯ ಕಾರಣದಿಂದ ಇದ್ದಕ್ಕಿದ್ದಂತೆ ಒಂದು ಬದಿಗೆ ಸರಿದು, ಆಟೊಪೈಲಟ್ ಕಳಚಿಕೊಂಡು, ವಿಮಾನ ಮಗುಚಿ ಅದರಲ್ಲಿದ್ದ 68 ಮಂದಿಯೂ ತೀರಿಕೊಂಡರು. ನಮ್ಮ ವಿಮಾನಗಳು ಅದಕ್ಕಿಂತ ಎಷ್ಟೋ ಚಿಕ್ಕವು, ಆದರೆ ಮಂಜುಗಡ್ಡೆಯ ಸುಳಿವು ಸಿಕ್ಕ ಕೂಡಲೇ ಆಟೊಪೈಲಟ್ ಕಳಚಿ, ವಿಮಾನ ಹೇಗೆ ವರ್ತಿಸುತ್ತಿದೆ ಎಂಬುದನ್ನು ಕೈಯಿಂದಲೇ ತಿಳಿಯಬೇಕೆಂಬ ನಿಯಮ ಇಲ್ಲಿಗೂ ಹಾಗೆಯೇ ಅನ್ವಯಿಸುತ್ತದೆ.

ಹೊಸ ಆಟೊಪೈಲಟ್‌ಗಳಲ್ಲಿ ವೇಗವನ್ನೇ ಕಾಯುವ ಮೋಡ್ ಒಂದಿದೆ, ವಿಮಾನದ ಉಪಕರಣಗಳನ್ನು ತಯಾರಿಸುವ ಗಾರ್ಮಿನ್ ಕಂಪನಿಯವರು ಅದಕ್ಕೆ ಎಫ್‌ಎಲ್‌ಸಿ (ಫ್ಲೈಟ್ ಲೆವೆಲ್ ಚೇಂಜ್) ಎಂದು ಹೆಸರಿಟ್ಟಿದ್ದಾರೆ. ಏರುವುದಕ್ಕೆ ನಾನು ಯಾವಾಗಲೂ ಅದನ್ನೇ ಬಳಸುತ್ತೇನೆ. ಅಲ್ಲಿ ಇಂಜಿನ್ ಶಕ್ತಿ ಕುಗ್ಗಿದರೆ ವಿಮಾನ ಏರುವುದನ್ನು ನಿಧಾನಗೊಳಿಸುತ್ತದೆಯೇ ಹೊರತು ವೇಗವನ್ನು ಬಿಟ್ಟುಕೊಡುವುದಿಲ್ಲ. ಆದರೆ ಅದೂ ಒಂದನ್ನು ಬಿಡುತ್ತದೆ: ಎಷ್ಟು ಬೇಗ ಏರುತ್ತೇವೆ, ಏರುತ್ತೇವೆಯೋ ಇಲ್ಲವೋ ಎಂಬುದು ಪೂರ್ತಿಯಾಗಿ ಥ್ರಾಟಲ್‌ಗೆ ಬಿಟ್ಟ ವಿಷಯ.

ಇನ್ನು ಯಾವ ಎತ್ತರದಲ್ಲಿ ನಿಲ್ಲಬೇಕು ಎಂಬ ಮಾತು. ಪರದೆಗಳಿಂದಾದ ಗಾರ್ಮಿನ್ ಜಿ1000 ಫಲಕವಿರುವ ವಿಮಾನಗಳಲ್ಲಿ ಪೈಲಟ್ ಒಂದು ಎತ್ತರವನ್ನು ಆಯ್ದಿಟ್ಟರೆ, ಏರುವಾಗ ಅಥವಾ ಇಳಿಯುವಾಗ ಅಲ್ಲಿಗೆ ತಲುಪಿದೊಡನೆ ಆಟೊಪೈಲಟ್ ಸಮತಲಕ್ಕೆ ಬರುತ್ತದೆ. ಆದರೆ ಕಂಟ್ರೋಲರ್ ಇಳಿಯಲು ಹೇಳಿದಾಗ ಹೊಸ ಎತ್ತರವನ್ನು ಆಯ್ದಿಡದೆ ನೇರವಾಗಿ ಇಳಿಯುವ ದರವನ್ನು ಒತ್ತಿದರೆ, ಆಯ್ದಿಟ್ಟ ಎತ್ತರ ವಿಮಾನದ ಮೇಲ್ಗಡೆಯೇ ಉಳಿದು, ಕೆಳಗೆ ನಿಲ್ಲಿಸುವಂಥದ್ದು ಯಾವುದೂ ಇರುವುದಿಲ್ಲ. ಹಳೆಯ ಸೆಸ್ನಾಗಳಲ್ಲಿರುವ ಬೆಂಡಿಕ್ಸ್ ಕಿಂಗ್ ಕೆಎಪಿ 140 ಆಟೊಪೈಲಟ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎತ್ತರವನ್ನು ಅಳೆಯಲು ಬೇಕಾಗುವ ವಾಯುಭಾರದ ಅಂಕಿಯನ್ನು ಅದಕ್ಕೆ ಪ್ರತ್ಯೇಕವಾಗಿ ಕೊಡಬೇಕು. ಎತ್ತರ ತೋರಿಸುವ ಮುಖ್ಯ ಆಲ್ಟಿಮೀಟರ್‌ಗೆ ಕೊಟ್ಟ ಅಂಕಿಯನ್ನು ಅದು ತಾನಾಗಿ ತೆಗೆದುಕೊಳ್ಳುವುದಿಲ್ಲ. ಒಂದರಲ್ಲಿ ಬದಲಿಸಿ ಇನ್ನೊಂದರಲ್ಲಿ ಮರೆತರೆ ಯಂತ್ರ ತನ್ನ ಲೆಕ್ಕದಲ್ಲಿ ಸರಿಯಾದ ಎತ್ತರದಲ್ಲೂ, ನಮ್ಮ ಲೆಕ್ಕದಲ್ಲಿ ತಪ್ಪು ಎತ್ತರದಲ್ಲೂ ಹಾರುತ್ತಿರುತ್ತದೆ. ಆದ್ದರಿಂದ ಮೊದಲು ಎತ್ತರ, ಆಮೇಲೆ ಮೋಡ್, ಆಮೇಲೆ ಥ್ರಾಟಲ್ ಎಂಬ ಅನುಕ್ರಮವನ್ನು ನಾನು ಬಾಯಿಬಿಟ್ಟು ಹೇಳಿಕೊಂಡೇ ಮಾಡುತ್ತೇನೆ, ಪಕ್ಕದಲ್ಲಿ ಯಾರು ಕೂತಿದ್ದರೂ ಸರಿ.

ಇಡೀ ವಿಷಯದಲ್ಲಿ ಅತಿ ಹೆಚ್ಚು ಒತ್ತುಕೊಟ್ಟು ಕಲಿಸಬೇಕಾದ ಭಾಗ ಟ್ರಿಮ್ ಎಂದು ನನಗನ್ನಿಸುತ್ತದೆ, ಅದನ್ನೇ ಹೆಚ್ಚಿನ ಕಡೆ ಬಿಟ್ಟುಬಿಡುತ್ತಾರೆ. ಆಟೊಪೈಲಟ್ ಚಾಲೂ ಇದೆಯೆಂಬುದನ್ನು ಅರಿಯದೆಯೋ, ಅದು ಮಾಡುತ್ತಿರುವುದು ಇಷ್ಟವಾಗದೆಯೋ ಪೈಲಟ್ ಯೋಕನ್ನು ಹಿಂದಕ್ಕೆಳೆದು ಹಿಡಿದರೆ ಏನಾಗುತ್ತದೆ? ಎಲೆವೇಟರ್ ಮೇಲೆ ಯಾವುದೋ ಒತ್ತಡ ಬಿದ್ದಿದೆ ಎಂದಷ್ಟೇ ಆಟೊಪೈಲಟ್‌ಗೆ ತಿಳಿಯುತ್ತದೆ, ಅದು ಮನುಷ್ಯನ ಕೈ ಎಂದು ತಿಳಿಯುವುದಿಲ್ಲ. ಆ ಒತ್ತಡವನ್ನು ನಿವಾರಿಸಲೆಂದು ಅದು ಟ್ರಿಮ್ ಚಕ್ರವನ್ನು ಮೂತಿ ತಗ್ಗುವ ಕಡೆಗೆ ತಿರುಗಿಸಲು ಶುರುಮಾಡುತ್ತದೆ. ಪೈಲಟ್ ಇನ್ನಷ್ಟು ಎಳೆಯುತ್ತಾನೆ, ಅದು ಇನ್ನಷ್ಟು ತಿರುಗಿಸುತ್ತದೆ. ಈ ಹಗ್ಗಜಗ್ಗಾಟದಲ್ಲಿ ಯಂತ್ರಕ್ಕೆ ದಣಿವಿಲ್ಲ. ಕೆಎಪಿ 140ರ ಕೈಪಿಡಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ: ಯೋಕ್ ಮೇಲೆ ಮೂರು ಸೆಕೆಂಡು ಅಥವಾ ಹೆಚ್ಚು ಕಾಲ ಒತ್ತಡ ಹಾಕಿದರೆ ಟ್ರಿಮ್ ಪೈಲಟ್‌ಗೆ ಎದುರಾಗಿ ಓಡುತ್ತದೆ. ಕೊನೆಗೆ ಆಟೊಪೈಲಟ್ ಕಳಚಿಕೊಂಡರೂ ಟ್ರಿಮ್ ಓಡಿದ ಜಾಗದಲ್ಲೇ ನಿಂತಿರುತ್ತದೆ, ಆಗ ಪೈಲಟ್‌ನ ಕೈಗೆ ಬರುವುದು ಬಲವಾಗಿ ಒಂದು ಕಡೆಗೆ ಎಳೆಯುವ ವಿಮಾನ. ನೆಲದ ಹತ್ತಿರ, ಮೋಡದೊಳಗೆ, ರೇಡಿಯೋದಲ್ಲಿ ಯಾರೋ ಮಾತಾಡುತ್ತಿರುವಾಗ ಅದನ್ನು ಹಿಡಿದು ನಿಲ್ಲಿಸುವುದು ಸುಲಭವಲ್ಲ.

ಆದ್ದರಿಂದ ಶಿಕ್ಷಕಿಯ ಮೊದಲ ಪಾಠ ಚಾಲೂ ಮಾಡುವುದರ ಬಗ್ಗೆ ಆಗಿರದೆ ಕಳಚುವುದರ ಬಗ್ಗೆ ಆಗಿತ್ತು. ಯೋಕ್ ಮೇಲೆ ಎಡಗೈ ಹೆಬ್ಬೆರಳಿಗೆ ಸಿಗುವ ಕೆಂಪು ಗುಂಡಿ, ಫಲಕದ ಮೇಲಿನ ಎಪಿ ಗುಂಡಿ, ವಿದ್ಯುತ್ ಟ್ರಿಮ್‌ನ ಸ್ವಿಚ್, ಆಟೊಪೈಲಟ್‌ನ ಸರ್ಕ್ಯೂಟ್ ಬ್ರೇಕರ್, ಎಲ್ಲಕ್ಕೂ ಕೊನೆಯದಾಗಿ ಮಾಸ್ಟರ್ ಸ್ವಿಚ್: ಇವನ್ನು ಕಣ್ಣು ಮುಚ್ಚಿಕೊಂಡು ಬೆರಳಿಟ್ಟು ತೋರಿಸಬೇಕಿತ್ತು. ಬ್ರೇಕರ್ ಮುಖ್ಯ, ಏಕೆಂದರೆ ಟ್ರಿಮ್‌ನ ಮೋಟಾರ್ ಕೆಟ್ಟು ತಾನಾಗಿ ಓಡತೊಡಗಿದರೆ ಯೋಕನ್ನು ಗಟ್ಟಿಯಾಗಿ ಹಿಡಿದು, ಕೆಂಪು ಗುಂಡಿಯನ್ನು ಒತ್ತಿಯೇ ಹಿಡಿದು, ಇನ್ನೊಂದು ಕೈಯಿಂದ ಬ್ರೇಕರನ್ನು ಎಳೆದ ಮೇಲೆಯೇ ಗುಂಡಿಯನ್ನು ಬಿಡಬೇಕು. ಬೇಗ ಬಿಟ್ಟರೆ ಮೋಟಾರ್ ಮತ್ತೆ ಓಡಬಹುದು. ಹಾರುವ ಮುನ್ನ ನೆಲದ ಮೇಲೆ ಆಟೊಪೈಲಟ್ ಚಾಲೂ ಮಾಡಿ, ಯೋಕನ್ನು ಬಲವಾಗಿ ತಳ್ಳಿ ಎಳೆದು ಅದರ ಕ್ಲಚ್ ಜಾರುತ್ತದೆಯೇ, ಕೆಂಪು ಗುಂಡಿಗೆ ಅದು ಕಳಚುತ್ತದೆಯೇ ಎಂದು ಪರೀಕ್ಷಿಸುವುದನ್ನು ಬಾಡಿಗೆ ವಿಮಾನ ಹಾರಿಸುವ ಹಲವರು ಸಮಯದ ನೆಪದಲ್ಲಿ ಬಿಡುತ್ತಾರೆ. ಕ್ಷಣಮಾತ್ರದ ಈ ಕೆಲಸವನ್ನು ಬಿಡಬಾರದು ಎಂದು ಕಳಕಳಿಯಿಂದ ಹೇಳುತ್ತೇನೆ.

ಎಡಬಲದ ದಿಕ್ಕಿನ ಮೋಡ್‌ಗಳಲ್ಲಿ ಅಪಾಯ ಇಷ್ಟು ತೀಕ್ಷ್ಣವಲ್ಲ, ಆದರೆ ಹೆಚ್ಚು ಮೌನವಾದದ್ದು. ಕೊಟ್ಟ ದಿಕ್ಕಿಗೆ ಮೂತಿಯಿಟ್ಟು ಹೋಗುವ ಹೆಡಿಂಗ್ ಮೋಡ್‌ಗೆ ಮುಂದಿರುವ ಬೆಟ್ಟ ಕಾಣುವುದಿಲ್ಲ, ಪಕ್ಕದಿಂದ ತಳ್ಳುವ ಗಾಳಿಯೂ ಕಾಣುವುದಿಲ್ಲ. ನ್ಯಾವ್ ಮೋಡ್ ದಾರಿ ತೋರಿಸಲೆಂದು ಪರದೆಯಲ್ಲಿ ಆಯ್ದ ಮೂಲವನ್ನಷ್ಟೇ ಹಿಂಬಾಲಿಸುತ್ತದೆ. ಆ ಮೂಲ ಜಿಪಿಎಸ್ ಆಗಿರಬಹುದು, ನೆಲದ ಮೇಲಿನ ರೇಡಿಯೋ ಕೇಂದ್ರವೂ ಆಗಿರಬಹುದು. ಗಾರ್ಮಿನ್ ಜಿಎಫ್‌ಸಿ 700 ಆಟೊಪೈಲಟ್‌ನಲ್ಲಿ ನ್ಯಾವ್ ಮೋಡ್ ಚಾಲೂ ಇರುವಾಗ ಪೈಲಟ್ ಆ ಮೂಲವನ್ನು ಕೈಯಿಂದ ಬದಲಿಸಿದರೆ ಆಟೊಪೈಲಟ್ ಹಿಂಬಾಲಿಸುವುದನ್ನು ಬಿಟ್ಟು ರೋಲ್ ಮೋಡ್‌ಗೆ ಇಳಿಯುತ್ತದೆ, ಅಂದರೆ ರೆಕ್ಕೆಗಳನ್ನು ಹಿಡಿದುಕೊಂಡು ತನ್ನ ಪಾಡಿಗೆ ಹೋಗುತ್ತಿರುತ್ತದೆ. ಕಳಚಿಕೊಂಡಾಗ ಬರುವಂಥ ಎಚ್ಚರಿಕೆಯ ಸದ್ದು ಇಲ್ಲಿ ಬರುವುದಿಲ್ಲ, ಪರದೆಯ ಮೇಲಂಚಿನಲ್ಲಿ ಹಸಿರು ಅಕ್ಷರಗಳು ಮಾತ್ರ ಬದಲಾಗುತ್ತವೆ. ನೆಲದಿಂದ ಬರುವ ರೇಡಿಯೋ ಕಿರಣಗಳನ್ನು ಹಿಡಿದು ರನ್‌ವೇಯತ್ತ ಇಳಿಯುವ ಐಎಲ್‌ಎಸ್ ಅಪ್ರೋಚ್‌ನಲ್ಲಿ ಗ್ಲೈಡ್‌ಸ್ಲೋಪ್ ಎಂಬ ಇಳಿಜಾರಿನ ಕಿರಣವನ್ನು ಕೆಳಗಿನಿಂದ ಸೇರಬೇಕು. ಕಂಟ್ರೋಲರ್ ನಮ್ಮನ್ನು ಮೇಲೆಯೇ ಇಟ್ಟುಬಿಟ್ಟಿದ್ದರೆ ಗ್ಲೈಡ್‌ಸ್ಲೋಪ್‌ನ ಅಕ್ಷರಗಳು ಬಿಳಿಯಾಗಿಯೇ ಉಳಿಯಬಹುದು, ವಿಮಾನ ಇದ್ದ ಎತ್ತರದಲ್ಲೇ ರನ್‌ವೇಯನ್ನು ದಾಟಿ ಹೋಗಬಹುದು. ಬಿಳಿ ಎಂದರೆ ಕಾಯುತ್ತಿದೆ, ಹಸಿರು ಎಂದರೆ ಮಾಡುತ್ತಿದೆ. ಒತ್ತಿದ ಗುಂಡಿಯನ್ನು ನಂಬದೆ ಆ ಸಾಲನ್ನು ಓದಬೇಕು, ಪ್ರತಿ ಬದಲಾವಣೆಯನ್ನೂ ಗಟ್ಟಿಯಾಗಿ ಹೇಳಬೇಕು ಎಂಬುದು ಶಿಕ್ಷಕಿಯ ಕಟ್ಟುನಿಟ್ಟಿನ ನಿಯಮವಾಗಿತ್ತು. ಬೆರಳು ಗುಂಡಿಯಿಂದ ಮೇಲೆದ್ದ ಕೂಡಲೇ ಕಣ್ಣು ಆ ಸಾಲಿಗೆ ಹೋಗದಿದ್ದರೆ ಅವರು ಏನೂ ಹೇಳದೆ ಮೋಡನ್ನು ಬದಲಿಸಿ ಸುಮ್ಮನೆ ಕಾಯುತ್ತಿದ್ದರು.

ಈ ಸಾಲನ್ನು ಓದುವ ಅಭ್ಯಾಸಕ್ಕೆ ಎಂಥ ಬೆಲೆಯಿದೆ ಎಂಬುದನ್ನು ಬೆಂಗಳೂರಿನವರಿಗೆ ವಿವರಿಸಿ ಹೇಳಬೇಕಿಲ್ಲ. 1990ರ ಫೆಬ್ರುವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೇ ಹಾರಾಟದ ಏರ್‌ಬಸ್ ಎ320 ವಿಮಾನ, ಎಚ್‌ಎಎಲ್ ನಿಲ್ದಾಣದ ರನ್‌ವೇಗೆ ಸ್ವಲ್ಪ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ 146 ಮಂದಿಯಲ್ಲಿ 92 ಮಂದಿ ತೀರಿಕೊಂಡರು. ವಿಮಾನ ಓಪನ್ ಡಿಸೆಂಟ್ ಎಂಬ ಮೋಡ್‌ನಲ್ಲಿತ್ತು, ಆ ಮೋಡ್‌ನಲ್ಲಿ ಇಂಜಿನ್‌ಗಳು ಐಡಲ್‌ನಲ್ಲೇ, ಅಂದರೆ ಅತಿ ಕಡಿಮೆ ಶಕ್ತಿಯಲ್ಲೇ, ಇರುತ್ತವೆ. ಇಂಜಿನ್ ಶಕ್ತಿ ವೇಗವನ್ನು ಕಾಯಬೇಕಾದ ಘಟ್ಟದಲ್ಲಿ ವೇಗ ಇಳಿಯುತ್ತ ಹೋಯಿತು, ಥ್ರಸ್ಟ್ ಹೆಚ್ಚಿಸುವ ಹೊತ್ತಿಗೆ ತಡವಾಗಿತ್ತು. ಅದು ಹೊಸ ಬಗೆಯ ವಿಮಾನ, ಭಾರತಕ್ಕೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ನಮ್ಮ ನಾಲ್ಕು ಸೀಟಿನ ಸೆಸ್ನಾಕ್ಕೂ ಆ ಏರ್‌ಬಸ್‌ಗೂ ಯಂತ್ರರಚನೆಯಲ್ಲಿ ಹೋಲಿಕೆಯೇ ಇಲ್ಲ. ಆದರೂ ಈ ಕ್ಷಣದಲ್ಲಿ ವೇಗವನ್ನು ಯಾರು ಕಾಯುತ್ತಿದ್ದಾರೆ ಎಂಬ ಪ್ರಶ್ನೆ ಎರಡೂ ಕಡೆ ಒಂದೇ. ಜಕ್ಕೂರಿನ ಸರ್ಕಾರಿ ತರಬೇತಿ ಶಾಲೆಯಲ್ಲಿ ಕಲಿಯುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರ ಕಣ್ಣು ಏರ್‌ಲೈನ್ ಕೆಲಸದ ಮೇಲಿರುತ್ತದೆ. ಮೋಡ್‌ಗಳನ್ನು ಓದುವ ಅಭ್ಯಾಸ ಸಣ್ಣ ವಿಮಾನದಲ್ಲೇ ಮೈಗೂಡಿದರೆ ಮುಂದೆ ಅವರ ಹಿಂದೆ ಕೂರುವ ನೂರಾರು ಜನರಿಗೆ ಅದರ ಪ್ರಯೋಜನ ಸಿಗುತ್ತದೆ.

ಆಟೊಪೈಲಟ್‌ಗೆ ಮಾಹಿತಿ ಎಲ್ಲಿಂದ ಬರುತ್ತದೆ ಎಂಬುದನ್ನೂ ತಿಳಿದಿರಬೇಕು. ಗಡಿಯಾರದಂಥ ಮುಖಗಳ ಹಳೆಯ ಉಪಕರಣಗಳಿರುವ ಸೆಸ್ನಾದಲ್ಲಿ ಕೆಎಪಿ 140 ರೆಕ್ಕೆಗಳ ಸ್ಥಿತಿಯನ್ನು ವಿದ್ಯುತ್ತಿನಿಂದ ನಡೆಯುವ, ತಿರುವನ್ನು ತೋರಿಸುವ ಟರ್ನ್ ಕೋಆರ್ಡಿನೇಟರ್‌ನಿಂದ ಪಡೆಯುತ್ತದೆ. ವಿಮಾನದ ಓರೆಯನ್ನು ತೋರಿಸುವ ಕೃತಕ ದಿಗಂತ ಮತ್ತು ದಿಕ್ಕಿನ ಗೈರೋ ವ್ಯಾಕ್ಯೂಮ್ ಪಂಪ್‌ನಿಂದ ತಿರುಗುತ್ತವೆ. ಮೋಡದೊಳಗೆ ಪಂಪ್ ಕೆಟ್ಟು ಕೃತಕ ದಿಗಂತ ಮೆಲ್ಲಗೆ ಒರಗತೊಡಗಿದಾಗಲೂ ಆಟೊಪೈಲಟ್‌ನ ರೋಲ್ ಮೋಡ್ ರೆಕ್ಕೆಗಳನ್ನು ಸಮವಾಗಿ ಹಿಡಿಯಬಲ್ಲದು. ಹೆಡಿಂಗ್ ಮೋಡ್ ಮಾತ್ರ ಸುಳ್ಳು ಹೇಳುತ್ತಿರುವ ಗೈರೋವನ್ನೇ ಹಿಂಬಾಲಿಸುತ್ತದೆ. ಜಿ1000 ಇರುವ ವಿಮಾನದಲ್ಲಿ ಪರದೆಗೂ ಆಟೊಪೈಲಟ್‌ಗೂ ವಿಮಾನದ ಭಂಗಿಯನ್ನು ತಿಳಿಸುವ ಘಟಕ ಒಂದೇ. ಅದು ಕೆಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ, ಪೈಲಟ್‌ಗೆ ಉಳಿಯುವುದು ಬಿಡಿ ಉಪಕರಣಗಳು ಮತ್ತು ತನ್ನ ಕೈ. ಒಂದು ವಿಮಾನದಲ್ಲಿ ಆಸರೆಯಾಗುವ ಆಟೊಪೈಲಟ್ ಇನ್ನೊಂದರಲ್ಲಿ ಅದೇ ಕ್ಷಣದಲ್ಲಿ ಇಲ್ಲವಾಗುತ್ತದೆ. ಒಂದೇ ಶಾಲೆಯಲ್ಲಿ ಎರಡೂ ಬಗೆಯ ವಿಮಾನಗಳನ್ನು ಬಾಡಿಗೆಗೆ ಪಡೆಯುವ ನಮ್ಮಂಥವರು ಇದನ್ನು ಹೊರಡುವ ಮುನ್ನವೇ ನೆನಪಿಗೆ ತಂದುಕೊಳ್ಳಬೇಕಾಗುತ್ತದೆ.

ಇಷ್ಟೆಲ್ಲ ಅಪಾಯಗಳಿದ್ದರೆ ಅದನ್ನು ಬಳಸುವುದೇಕೆ ಎಂದು ಕೇಳುವವರಿದ್ದಾರೆ, ಕೈಯಿಂದ ಹಾರಿಸುವುದೇ ನಿಜವಾದ ಹಾರಾಟ ಎನ್ನುವ ಹಿರಿಯರೂ ಇದ್ದಾರೆ. ಅವರ ಕೈಚಳಕದ ಬಗ್ಗೆ ನನಗೆ ಅಪಾರ ಗೌರವವಿದೆ, ಆದರೆ ಈ ಮಾತನ್ನು ನಾನು ಒಪ್ಪಲಾರೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು, ಉಪಕರಣ ನೋಡಿ ಹಾರುವ ತರಬೇತಿ ಇಲ್ಲದ 20 ಮಂದಿ ಪೈಲಟ್‌ಗಳಿಗೆ ಹೊರಗಿನ ನೋಟ ಸಿಗದಂತೆ ಮಾಡಿ ಹಾರಿಸಿ ನೋಡಿದರು. ಪ್ರತಿಯೊಬ್ಬರೂ ನಿಯಂತ್ರಣ ಕಳೆದುಕೊಂಡರು, ಅದಕ್ಕೆ ಹಿಡಿದ ಸರಾಸರಿ ಸಮಯ 178 ಸೆಕೆಂಡು, ಅಂದರೆ ಮೂರು ನಿಮಿಷವೂ ಇಲ್ಲ. ಹೊರಗೆ ದಿಗಂತ ಕಾಣದಾಗ ಒಳಗಿವಿಯ ಸಮತೋಲನದ ಅಂಗ ಸುಳ್ಳು ಹೇಳುತ್ತದೆ, ಮೆಲ್ಲಗೆ ಓರೆಯಾಗುತ್ತಿರುವ ವಿಮಾನ ನೆಟ್ಟಗಿದೆ ಎಂದೇ ಅನ್ನಿಸುತ್ತದೆ. 1999ರ ಜುಲೈ 16ರ ರಾತ್ರಿ ಜಾನ್ ಎಫ್. ಕೆನಡಿ ಜೂನಿಯರ್ ಹಾರಿಸುತ್ತಿದ್ದ ಪೈಪರ್ ಸಾರಾಟೋಗಾ ಮಸಾಚುಸೆಟ್ಸ್‌ನ ಕರಾವಳಿಯ ಬಳಿ ಕಡಲಿಗೆ ಬಿದ್ದು ಮೂವರು ತೀರಿಕೊಂಡರು. ಮಬ್ಬು ಕವಿದ ಕತ್ತಲಲ್ಲಿ ನೀರಿನ ಮೇಲೆ ಹಾರುವಾಗ ಉಂಟಾದ ದಿಕ್ಕುಭ್ರಮೆಯಿಂದ ವಿಮಾನದ ನಿಯಂತ್ರಣ ತಪ್ಪಿತೆಂದು ತನಿಖೆ ತೀರ್ಮಾನಿಸಿತು. ಆ ವಿಮಾನದಲ್ಲಿ ಆಟೊಪೈಲಟ್ ಅಳವಡಿಸಲಾಗಿತ್ತು. ಒಳಗಿವಿ ಇಲ್ಲದ ಯಂತ್ರಕ್ಕೆ ಈ ಭ್ರಮೆ ತಟ್ಟುವುದಿಲ್ಲ. ಆಟೊಪೈಲಟ್‌ನ ಅತಿ ದೊಡ್ಡ ಉಪಕಾರ ಇದೇ, ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ ಇಲ್ಲದ ಪೈಲಟ್‌ಗೆ ಇದರ ಅಗತ್ಯ ಎಲ್ಲರಿಗಿಂತ ಹೆಚ್ಚು.

ನಮ್ಮ ಕಡೆ ಬೇಸಿಗೆಯಲ್ಲಿ ಪೆಸಿಫಿಕ್ ಕಡಲಿನಿಂದ ತಗ್ಗಾದ ಮೋಡದ ಹಾಸು ಮಾಂಟೆರೆ, ಸಲೀನಾಸ್, ವಾಟ್ಸನ್‌ವಿಲ್ ಕಡೆಗೆಲ್ಲ ನುಗ್ಗುತ್ತದೆ, ಚಳಿಗಾಲದಲ್ಲಿ ಒಳನಾಡಿನ ಸೆಂಟ್ರಲ್ ವ್ಯಾಲಿಯಲ್ಲಿ ಟೂಲಿ ಎಂದು ಕರೆಯುವ ದಟ್ಟ ಮಂಜು ಕವಿಯುತ್ತದೆ. ಗೊತ್ತಿಲ್ಲದೆ ಅದರೊಳಗೆ ಸಿಲುಕಿದ ಪೈಲಟ್‌ಗೆ ಆಟೊಪೈಲಟ್ ಚಾಲೂ ಮಾಡಿ, ಎತ್ತರ ಹಿಡಿದು, ಹೆಡಿಂಗ್ ಮೋಡ್‌ನಲ್ಲಿ ಬಂದ ದಾರಿಗೆ ತಿರುಗುವಷ್ಟು ತಿಳಿದಿದ್ದರೆ ಸಾಕು, ಬಹುಪಾಲು ಸಂದರ್ಭಗಳಲ್ಲಿ ಅವನು ಹೊರಬರುತ್ತಾನೆ. ಕೆಲವು ಹೊಸ ವಿಮಾನಗಳಲ್ಲಿ ಒಂದೇ ಒತ್ತಿಗೆ ರೆಕ್ಕೆಗಳನ್ನೂ ಮೂತಿಯನ್ನೂ ಸಮಕ್ಕೆ ತರುವ ಗುಂಡಿಯೂ ಇದೆ. ಒಬ್ಬಂಟಿ ವಿದ್ಯಾರ್ಥಿಯನ್ನು ದೂರದ ಹಾರಾಟಕ್ಕೆ ಕಳಿಸುವ ಮುನ್ನ ಇಷ್ಟನ್ನು, ಅದರ ಜೊತೆಗೆ ಕಳಚುವ ವಿಧಾನವನ್ನು, ಕಡ್ಡಾಯವಾಗಿ ಕಲಿಸಬೇಕು. ಉಳಿದ ಮೋಡ್‌ಗಳು ಆಮೇಲೆ ಬರಲಿ. ಕೈಯ ಹದ ಕೆಡುತ್ತದೆ ಎಂಬ ಭಯಕ್ಕೆ ಈ ಜೀವರಕ್ಷಕ ಪಾಠವನ್ನೇ ಮುಂದೂಡುವುದು ನನಗೆ ಸರಿಯೆನ್ನಿಸುವುದಿಲ್ಲ.

ಆ ಭಯಕ್ಕೂ ಆಧಾರವಿಲ್ಲದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಪಡೆಯ ರೇಡಾರ್ ಪರದೆ ನೋಡುವವರ ತೊಂದರೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ನಾರ್ಮನ್ ಮ್ಯಾಕ್‌ವರ್ತ್, ಸುಮ್ಮನೆ ಕಾಯುತ್ತ ನೋಡುವ ಕೆಲಸದಲ್ಲಿ ಮನುಷ್ಯನ ಎಚ್ಚರ ಮೊದಲ ಅರ್ಧ ಗಂಟೆಯಲ್ಲೇ ಕುಸಿಯುತ್ತದೆಂದು ತೋರಿಸಿಕೊಟ್ಟ. ಆಟೊಪೈಲಟ್ ಪೈಲಟ್‌ನನ್ನು ಅದೇ ಕೆಲಸಕ್ಕೆ ಕೂರಿಸುತ್ತದೆ. ಹಾಗಾಗಿ ಬಿಡುವಾದ ಗಮನಕ್ಕೆ ನಾನು ನಿಗದಿತ ಕೆಲಸಗಳನ್ನು ಕೊಟ್ಟುಕೊಳ್ಳುತ್ತೇನೆ: ವೇಗ, ಇಂಜಿನ್ ಅಂಕಿಗಳು, ಇಂಧನ, ಹತ್ತಿರದ ನಿಲ್ದಾಣ, ಹಸಿರು ಅಕ್ಷರಗಳು, ಹೊರಗಿನ ಆಕಾಶ, ಮತ್ತೆ ವೇಗ. ಮಡಿಲಲ್ಲಿರುವ ಟ್ಯಾಬ್ಲೆಟ್ ಈ ಸುತ್ತಿನಲ್ಲಿ ಇಲ್ಲ.

ನೆಲದ ಹತ್ತಿರದ ಮಿತಿಗಳು ಕೈಪಿಡಿಯಲ್ಲೇ ಇವೆ. ಜಿಎಫ್‌ಸಿ 700 ಇರುವ ಸೆಸ್ನಾ 172ರಲ್ಲಿ ಅಪ್ರೋಚ್ ಮಾಡುವಾಗ ನೆಲದಿಂದ 200 ಅಡಿಗಿಂತ ಕೆಳಗೆ, ಉಳಿದ ಸಮಯದಲ್ಲಿ 800 ಅಡಿಗಿಂತ ಕೆಳಗೆ ಆಟೊಪೈಲಟ್ ಚಾಲೂ ಇರಬಾರದು. ಅದು ಕೆಟ್ಟರೆ ಪೈಲಟ್ ಗುರುತಿಸಿ, ಕಳಚಿ, ಸರಿಪಡಿಸುವಷ್ಟರಲ್ಲಿ ಕಳೆದುಹೋಗುವ ಎತ್ತರವನ್ನು ಲೆಕ್ಕ ಹಾಕಿ ಇಟ್ಟ ಅಂಕಿಗಳಿವು. ಸಾಮಾನ್ಯ ಐಎಲ್‌ಎಸ್‌ನಲ್ಲಿ ರನ್‌ವೇ ಕಾಣದಿದ್ದರೆ ಮೇಲೇರಲೇಬೇಕಾದ ಎತ್ತರವೂ ಬಹಳಷ್ಟು ಕಡೆ 200 ಅಡಿಯೇ. ಅಂದರೆ ಮೋಡದಿಂದ ಹೊರಬಿದ್ದು ದೀಪಗಳು ಕಂಡ ಕ್ಷಣವೇ ವಿಮಾನ ಕೈಗೆ ಬರುತ್ತದೆ. ಅಷ್ಟು ಹೊತ್ತು ಸುಮ್ಮನಿದ್ದ ಕೈ, ಪಕ್ಕದ ಗಾಳಿಯಿರುವ ರನ್‌ವೇಯ ಮೇಲೆ, ತಕ್ಷಣ ಹದಕ್ಕೆ ಬರಬೇಕು. ಅದಕ್ಕಾಗಿ 1,000 ಅಡಿಯ ಹೊತ್ತಿಗೆ ನನ್ನ ಕೈ ಯೋಕ್ ಮೇಲೆ ಹಗುರವಾಗಿ ಕೂತಿರುತ್ತದೆ. ಒತ್ತಡ ಹಾಕದೆ, ಟ್ರಿಮ್ ಎತ್ತ ತಿರುಗುತ್ತಿದೆ ಎಂದು ಗಮನಿಸುತ್ತ.

ಅಮೆರಿಕದ ನಿಯಮದ ಪ್ರಕಾರ, ಮೋಡದೊಳಗೆ ಹಾರುವ ಅರ್ಹತೆ ಉಳಿಸಿಕೊಳ್ಳಲು ಹಿಂದಿನ ಆರು ತಿಂಗಳಲ್ಲಿ ಆರು ಅಪ್ರೋಚ್‌ಗಳನ್ನು ಮಾಡಿರಬೇಕು. ಅವೆಲ್ಲವನ್ನೂ ಆಟೊಪೈಲಟ್‌ನಿಂದಲೇ ಮಾಡಿದರೂ ನಿಯಮಕ್ಕೆ ಅಡ್ಡಿಯಿಲ್ಲ. ನನ್ನ ಅಭ್ಯಾಸ ಬೇರೆ. ಸ್ಟಾಕ್‌ಟನ್ ಅಥವಾ ಲಿವರ್‌ಮೋರ್‌ನ ಐಎಲ್‌ಎಸ್‌ಗೆ ಶಿಕ್ಷಕಿಯನ್ನೋ ನನ್ನ ಪರವಾಗಿ ಹೊರಗೆ ಕಣ್ಣಿಡುವ ಸೇಫ್ಟಿ ಪೈಲಟ್ ಆಗಿ ಬರುವ ಗೆಳೆಯನನ್ನೋ ಕರೆದುಕೊಂಡು ಹೋದಾಗ, ಒಂದು ಅಪ್ರೋಚ್ ಪೂರ್ತಿ ಆಟೊಪೈಲಟ್‌ನಲ್ಲಿ, ಮುಂದಿನದು ಪೂರ್ತಿ ಕೈಯಿಂದ. ಮೂರನೆಯದರಲ್ಲಿ ಪಕ್ಕದವರು ತಮಗೆ ಇಷ್ಟಬಂದ ಕಡೆ, ನನಗೆ ಮುನ್ಸೂಚನೆ ಕೊಡದೆ ಆಟೊಪೈಲಟ್‌ ಅನ್ನು ಕಳಚುತ್ತಾರೆ. ಆಗ ಸೂಚಿಗಳು ಎಷ್ಟು ಸರಿದವು, ಟ್ರಿಮ್ ಎಲ್ಲಿತ್ತು, ಕಳಚಿದ್ದು ನನಗೆ ಮೊದಲು ತಿಳಿದದ್ದು ಕಣ್ಣಿಂದಲೋ ಕಿವಿಯಿಂದಲೋ ಎಂಬುದನ್ನು ಇಳಿದ ಮೇಲೆ ಕೂತು ಮಾತಾಡುತ್ತೇವೆ.